ನಾಲ್ಕನೇ ನಂಬರಿನ ಖಾಲಿ ಹೊತ್ತು

ಪಂಡಿತನ ಎರಡು ವರ್ಷಕ್ಕೆ ಆ ಮನೆ ತೆತ್ತದ್ದು ಇಷ್ಟು. ದೊಡ್ಡ ಕಿಟಕಿ ಇದ್ದ ಒಂದೇ ಒಂದು ಕೋಣೆ. ಅಲ್ಲಿದ್ದ, ಅಣ್ಣನ ಮಗಳು ಗಿಳಿಯ ಮಂಚ ಈಗ ಹಾಲಿನಲ್ಲಿ, ಟಿ.ವಿ.ಯ ಪಕ್ಕ. ಅಣ್ಣ ಕೊಳ್ಳಬೇಕೆಂದು ಮೂರು ಸಲ ಹೋಗಿ ಸವರಿ ಬಂದ ಸ್ಕೂಟರ್, ಅದು ಇನ್ನೂ ಅಂಗಡಿಯಲ್ಲೇ. ಅಮ್ಮನ ಕಣ್ಣಿನ ಪೊರೆ ಎಡಗಡೆಯದು ಹೋಗಿದೆ, ಬಲಗಡೆಯದು ಸರದಿ ಕಾಯುತ್ತಿದೆ. ಅತ್ತಿಗೆಯ ತಿಂಗಳಿಗೆರಡು ಭಾನುವಾರ, ಅವತ್ತು ಅವಳು ಲಾಂಡ್ರಿಯಲ್ಲಿ ಓವರ್‌ಟೈಮ್ ಮಾಡುತ್ತಾಳೆ. ದಿನಕ್ಕೆ ನಾಲ್ಕು ಲೋಟ ಚಹಾ ಬೇರೆ. ಚಹಾವನ್ನು ಅಮ್ಮ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆದರೆ ಲೋಟ ತೊಳೆಯುವವರು ಯಾರು ಎಂದು ಕೇಳದೆ ಬಿಡುತ್ತಲೂ ಇರಲಿಲ್ಲ.

ಪಂಡಿತ ಎಂದು ಹೆಸರಿಟ್ಟವನು ಅಣ್ಣ. ಲಿಫ್ಟ್ ರಿಪೇರಿ ಮಾಡುವ ಅಣ್ಣನಿಗೆ ತಮ್ಮನ ಮೇಲೆ ಪ್ರೀತಿ ಉಕ್ಕಿದರೂ ಸಿಟ್ಟು ಉಕ್ಕಿದರೂ ಬಾಯಿಗೆ ಬರುತ್ತಿದ್ದದ್ದು ಅದೇ. ಒಂಬತ್ತು ವರ್ಷ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆದ ತಮ್ಮ ಮೂವತ್ತೆರಡನೆಯ ವಯಸ್ಸಿಗೆ ಅದನ್ನು ಬಿಟ್ಟು ಮನೆಯಲ್ಲಿ ಕೂತಿದ್ದ. ಸೋಮವಾರದಿಂದ ಬುಧವಾರದವರೆಗೆ ಗ್ಯಾರೇಜು, ಔಷಧಿ ಅಂಗಡಿ, ಪ್ರಿಂಟಿಂಗ್ ಪ್ರೆಸ್ಸುಗಳಿಗೆ ತಾನೊಬ್ಬನೇ ಕೂತು ಸಾಫ್ಟ್‌ವೇರ್ ಮಾಡಿಕೊಡುವುದು. ಗುರುವಾರದಿಂದ ಶನಿವಾರದವರೆಗೆ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗಕ್ಕೆ ಸಂಶೋಧನೆ. ವಿಷಯ, ಕೆಲಸ ಎಂದರೇನು. ಈ ಮೂರು ದಿನದ್ದು ಆ ಮೂರು ದಿನದೊಳಗೆ ಕಾಲಿಡಬಾರದು, ಅದು ಅವನ ವ್ರತ. ಗುರುವಾರ ಬೆಳಗ್ಗೆ ಗಿರಾಕಿ ಫೋನ್ ಮಾಡಿ ಅಂಗಡಿಗೆ ನೀರು ನುಗ್ಗಿದೆ ಎಂದರೂ, "ಸೋಮವಾರ ನೋಡ್ತೀನಿ" ಎನ್ನುವ ಆಸಾಮಿ.

"ಎರಡೂ ಕಲಸಿದ್ರೆ ಎರಡೂ ಕೆಡುತ್ತೆ," ಎನ್ನುತ್ತಿದ್ದ.

ಎದುರುಮನೆಯಾಕೆ ಒಮ್ಮೆ ಅಮ್ಮನನ್ನು ಕೇಳಿದ್ದಳು, "ನಿಮ್ಮ ಚಿಕ್ಕ ಮಗ ಈಗೇನು ಮಾಡ್ಕೊಂಡಿದ್ದಾನೆ?"

"ಕೆಲಸ ಬಿಟ್ಟ. ಈಗ ಕೆಲಸ ಅಂದ್ರೆ ಏನು ಅಂತ ಓದ್ತಿದ್ದಾನೆ."

"ಬಿಡೋಕೆ ಮುಂಚೆ ಓದ್ಬಾರದಿತ್ತಾ?"

ಅಮ್ಮ ಆ ಮಾತನ್ನು ಮನೆಗೆ ತಂದು ಬಡಿಸಿದಳು. ಆರು ತಿಂಗಳು ಎಲ್ಲರೂ ನಕ್ಕರು, ಪಂಡಿತನೂ ನಕ್ಕ. ಆಮೇಲೆ ಅವನು ನಗುವುದನ್ನು ಬಿಟ್ಟ.

ಎರಡು ವರ್ಷ ಎಂದು ಅಣ್ಣನೇ ಮಾತು ಕೊಟ್ಟಿದ್ದ. ಈಗ ಉಳಿದದ್ದು ಐದು ತಿಂಗಳು. ಗಿರಾಕಿಗಳು ಮೂರು ಮತ್ತೊಂದು. ಮಹಾಪ್ರಬಂಧದ ಅಧ್ಯಾಯ ಐದರಲ್ಲಿ ಮೂರು ಮುಗಿದಿತ್ತು, ನಾಲ್ಕನೆಯದು ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ.

ಆ ಮನೆಯಲ್ಲಿ ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು. ಊಟ ಏನೇ ಇರಲಿ, ನೆಂಚಿಕೊಳ್ಳುವುದಕ್ಕೆ ಅತ್ತಿಗೆಯ ಲಾಂಡ್ರಿ ಕಥೆ ಇರಲೇಬೇಕು. ಹೋಟೆಲು, ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿ ಅದು. ಅತ್ತಿಗೆ ಅಲ್ಲಿ ಹನ್ನೊಂದು ವರ್ಷದಿಂದ ಇದ್ದಳು. ದಿಂಬಿನ ಚೀಲದಲ್ಲಿ ಸಿಕ್ಕ ಹಲ್ಲಿನ ಸೆಟ್ಟು, ಮದುಮಗನ ಕೋಟಿನ ಜೇಬಲ್ಲಿ ಬೇರೆ ಹುಡುಗಿಗೆ ಬರೆದ ಚೀಟಿ, ಬಾಯ್ಲರಿನವನ ಗೊರಕೆ. ಅವಳು ಎದ್ದು ನಿಂತು ಅಭಿನಯಿಸಿ ತೋರಿಸಿದರೆ ಅಮ್ಮನಿಗೆ ನೆತ್ತಿಗೇರಿ ನೀರು ಕುಡಿಸಬೇಕಾಗುತ್ತಿತ್ತು. ಪಂಡಿತ ಎಡಗೈಲಿ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದ. ಅವನ ಮೊದಲ ಮೂರು ಅಧ್ಯಾಯದ ಜೀವವೆಲ್ಲ ಆ ಕಥೆಗಳಿಂದ ಬಂದದ್ದೇ.

ಅವತ್ತು ಅಣ್ಣ ಆಲೂಗಡ್ಡೆ ಹಿಸುಕುತ್ತಾ ಶುರು ಮಾಡಿದ.

"ಪಂಡಿತ, ಐದು ತಿಂಗಳು ಆದಮೇಲೆ ಏನು?"

"ಮುಗಿಸ್ತೀನಿ."

"ಮುಗಿಸ್ತೀಯ ಸರಿ. ಅಮ್ಮನ ಬಲಗಣ್ಣೂ ಅಷ್ಟರೊಳಗೆ ಮುಗಿದುಬಿಡುತ್ತೆ ನೋಡು."

"ನನ್ನ ಕಣ್ಣನ್ನ ಯಾಕೆ ಎಳೀತೀಯೋ," ಎಂದಳು ಅಮ್ಮ. "ನಿನ್ನ ತಟ್ಟೇಲಿ ಮೊಟ್ಟೆ ಇಲ್ಲದ್ದು ಈ ಒಂದೇ ಕಣ್ಣಿಗೆ ಕಾಣುತ್ತೆ. ತಗೋ."

"ಅಪ್ಪ, ಚಿಕ್ಕಪ್ಪನ್ನ ಬಿಡು, ಊಟ ಮಾಡ್ಲಿ," ಎಂದಳು ಗಿಳಿ. ಅಣ್ಣನ ಮಗಳು, ಹದಿನೈದು ವರ್ಷ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುವವಳು, ಅದಕ್ಕೇ ಗಿಳಿ.

ಅತ್ತಿಗೆ ನಡುವೆ ಬಾಯಿ ಹಾಕಿದಳು. "ನೋಡಪ್ಪ, ನಮ್ಮ ಯಜಮಾನಿಗೆ ತಲೆ ಕೆಟ್ಟುಹೋಗಿದೆ. ಆಸ್ಪತ್ರೆ ಗಂಟು ಹೋಟೆಲಿಗೆ ಹೋಗುತ್ತೆ, ಹೋಟೆಲ್ ಗಂಟು ಆಸ್ಪತ್ರೆಗೆ. ಯಾವ ಗಂಟು ಎಲ್ಲಿದೆ ಅಂತ ತಿಳಿಯೋಕೆ ಏನಾದ್ರೂ ಮಾಡ್ಬೇಕಂತೆ. ನನ್ನ ಮೈದುನ ಮಾಡ್ತಾನೆ ಅಂತ ಹೇಳಿ ಬಂದಿದೀನಿ. ನನ್ನ ಮುಖ ಉಳಿಸು."

"ಕೇಳದೇನೇ ಹೇಳಿಬಿಟ್ಯಾ?" ಎಂದ ಅಣ್ಣ.

"ನಿಮ್ಮನ್ನ ಕೇಳ್ತಾ ಕೂತಿದ್ರೆ ಆ ಸ್ಕೂಟರಿನ ಹಾಗೇ ಆಗ್ತಿತ್ತು."

ಅಮ್ಮನಿಗೆ ನೆತ್ತಿಗೇರಿತು. ಗಿಳಿ ನೀರು ತಂದಳು.

ಪಂಡಿತ ಮೂರು ದಿನ ಲಾಂಡ್ರಿಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತ. ಸೋಮವಾರದಿಂದ ಬುಧವಾರ. ಹಿಂದುಗಡೆ ಬಾಯ್ಲರ್, ಅದರ ಪಕ್ಕ ಮನುಷ್ಯ ನಿಲ್ಲಬಹುದಾದಷ್ಟು ದೊಡ್ಡ ಒಗೆಯುವ ಡ್ರಮ್ಮುಗಳು, ನಡುವೆ ಉದ್ದದ ರೋಲರ್ ಇಸ್ತ್ರಿ. ಒದ್ದೆ ಹಾಸನ್ನು ಇಬ್ಬರು ಈ ಕಡೆಯಿಂದ ಕೊಟ್ಟರೆ ಆ ಕಡೆ ಚಪ್ಪಟೆಯಾಗಿ ಬಿಸಿಬಿಸಿಯಾಗಿ ಬರುತ್ತದೆ. ಅದರ ಮುಂದೆ ಮಡಿಸುವ ಮೇಜು, ಅಲ್ಲಿ ಅತ್ತಿಗೆ. ಆರು ಹೆಂಗಸರು, ಅವರಲ್ಲಿ ಒಬ್ಬಳು ಹೊಸಬಳು. ನಲವತ್ತು ದಾಟಿದ ಹೆಂಗಸು, ಗಂಡ ಬಿಟ್ಟುಹೋದ ಮೇಲೆ ಮೊದಲ ಸಲ ಮನೆಯಾಚೆ ದುಡಿಯಲು ಬಂದವಳು. ರೋಲರಿಗೆ ಹಾಸು ಕೊಡುವಾಗ ಅವಳ ಬೆರಳು ಬಟ್ಟೆಯ ಜೊತೆಗೇ ಹೋಗುತ್ತಿತ್ತು. ಅತ್ತಿಗೆ ಮಡಿಸುವುದನ್ನು ಬಿಟ್ಟು ಅವಳ ಪಕ್ಕ ಹೋಗಿ ನಿಲ್ಲುತ್ತಿದ್ದಳು.

"ಕೈ," ಎನ್ನುತ್ತಿದ್ದಳು. ಹಾಸು ಒಳಗೆ ಹೋಗುತ್ತಿತ್ತು. ಮತ್ತೆ "ಕೈ." ಇನ್ನೊಂದು ಹಾಸು. "ಕೈ."

"ಎಷ್ಟು ದಿನ ಹೀಗೆ ಹೇಳ್ಬೇಕು?" ಎಂದು ಪಂಡಿತ ಕೇಳಿದ.

"ಅವಳ ಕೈಗೇ ಕೇಳಿಸೋ ತನಕ. ನನಗೆ ಮೂರು ತಿಂಗಳು ಹಿಡೀತು."

ಅಷ್ಟೇ ಅಲ್ಲ. ಆಸ್ಪತ್ರೆಯ ಪ್ರತಿ ಹಾಸನ್ನೂ ಅವಳು ಒಮ್ಮೆ ಬೆಳಕಿಗೆ ಹಿಡಿದು ಸೂಜಿ, ಪಿನ್ನು ಉಳಿದಿದೆಯೇ ನೋಡುತ್ತಿದ್ದಳು. ಬಾಯ್ಲರಿನ ಸದ್ದು ಬದಲಾದರೆ ಹೋಗಿ ನಿದ್ದೆ ಹೊಡೆಯುವವನ ಕಾಲಿಗೆ ಒದ್ದು ಬರುತ್ತಿದ್ದಳು. ಬಿಟ್ಟುಹೋದ ಗುಂಡಿ ಹೊಲಿಯುತ್ತಿದ್ದಳು. ಪಂಡಿತ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡ, ಬಹಳ ಸಂತೋಷದಿಂದಲೇ ಬರೆದುಕೊಂಡ.

ಆದರೆ ಪ್ರೋಗ್ರಾಂ ಎಂದರೆ ಪುಸ್ತಕವಲ್ಲ. ಒಂದು ತಿಂಗಳು ಕೂತು, ಲಾಂಡ್ರಿಯಲ್ಲೇ ಓಡಿಸಿ ತಿದ್ದುತ್ತಾ ಮಾಡಿದ. ಪ್ರತಿ ಜಾಗದಲ್ಲೂ ಗೋಡೆಗೆ ಒಂದು ಹಳೆಯ ಫೋನು, ಪ್ರತಿಯೊಬ್ಬಳಿಗೂ ಒಂದು ನಂಬರು. ಅತ್ತಿಗೆಯದು ನಾಲ್ಕು. ಗಂಟು ಕೈಗೆ ಬಂದಾಗ ಒಮ್ಮೆ ಒತ್ತಬೇಕು, ಮುಗಿದಾಗ ಒಮ್ಮೆ. ಒಗೆತ, ಇಸ್ತ್ರಿ, ಮಡಿಕೆ, ಮೂರೇ ಗುಂಡಿ. ಯಜಮಾನಿ ಕೇಳಿದ್ದು ಅಷ್ಟೇ, ಗಂಟು ಎಲ್ಲಿದೆ ಎಂದು.

ಇನ್ನೊಂದು ಕಾಲಂ ಪಂಡಿತ ತನಗೆ ಬೇಕೆಂದು ಸೇರಿಸಿದ. ಇಡೀ ದಿನದಲ್ಲಿ ಯಾವ ಗುಂಡಿಗೂ ಸೇರದೆ ಉಳಿದ ಹೊತ್ತೆಷ್ಟು ಎಂದು ಅದು ತಾನೇ ಕಳೆದು ತೋರಿಸುತ್ತಿತ್ತು. ಏಳದ ನಾಲ್ಕನೇ ಅಧ್ಯಾಯಕ್ಕೆ ಅದರಿಂದ ಕಾಲು ಬರುತ್ತದೆ ಎಂದು ಅವನ ಆಸೆ. ಕಾಲಮ್ಮಿಗೆ ಒಂದು ಹೆಸರು ಬೇಕಾಗಿತ್ತು. ಆಮೇಲೆ ಬದಲಾಯಿಸೋಣ ಎಂದುಕೊಂಡು ‘ಖಾಲಿ’ ಎಂದು ಹಾಕಿದ.

ಅತ್ತಿಗೆಗೆ ಹೇಳಿದ್ದ. "ನನ್ನ ಓದಿಗೆ ಒಂದಿಷ್ಟು ಲೆಕ್ಕ ತಗೋತೀನಿ ಅತ್ತಿಗೆ."

"ತಗೋ. ನಮ್ಮಿಂದ ನಿನಗೆ ಡಿಗ್ರಿ ಬಂದ್ರೆ ನಾವು ಆರು ಜನಾನೂ ಗೌನ್ ಹಾಕ್ಕೊಂಡು ಬರ್ತೀವಿ. ಇಸ್ತ್ರಿ ನಮ್ದೇ."

ಕಡೆಯ ಬುಧವಾರ ಸಂಜೆ, ಎಲ್ಲ ಮುಗಿಸಿ ಕಂಪ್ಯೂಟರ್ ಮುಚ್ಚುವಾಗ ಅವನಿಗೆ ಹೊಳೆಯಿತು. ಆ ಕಾಲಂ ಯಜಮಾನಿಯ ತಿಂಗಳ ವರದಿಯಲ್ಲೂ ಕಾಣುತ್ತದೆ, ಮರೆಮಾಡಬೇಕು. ಐದು ನಿಮಿಷದ ಕೆಲಸ. ಅಮ್ಮ ಊಟಕ್ಕೆ ಕರೆದಳು. ಚೀಟಿಯ ಮೇಲೆ ಬರೆದು ಮೇಜಿಗೆ ಅಂಟಿಸಿದ, ‘ಖಾಲಿ ಮರೆಮಾಡು’. ಬೆಳಗಾದರೆ ಗುರುವಾರ. ಗುರುವಾರ ಅವನು ಪ್ರೋಗ್ರಾಂ ಮುಟ್ಟುವವನಲ್ಲ. ಚೀಟಿ ಕಣ್ಣೆದುರೇ ಇತ್ತು, ಅವನು ಅದರ ಕೆಳಗೆ ಕೂತು ಎರಡು ದಿನ ತತ್ತ್ವಶಾಸ್ತ್ರ ಬರೆದ. ಶನಿವಾರ ಬೆಳಗ್ಗೆ ತಿಂಗಳ ಮೊದಲ ತಾರೀಖು. ವರದಿ ತಾನಾಗಿ ಯಜಮಾನಿಗೆ ಹೋಯಿತು.

ಸೋಮವಾರ ಅವನು ಮರೆಮಾಡಿದ. ಯಜಮಾನಿ ಏನೂ ಹೇಳಿರಲಿಲ್ಲ. ನೋಡಿರಲಾರಳು ಎಂದುಕೊಂಡ.

ಆಮೇಲಿನ ಎರಡು ವಾರ ಆ ಮನೆಗೆ ಒಳ್ಳೆಯ ದಿನಗಳು. ಯಜಮಾನಿ ಕೊಟ್ಟ ಹಣದಲ್ಲಿ ಅಮ್ಮನ ಬಲಗಣ್ಣಿಗೆ ದಿನ ಗೊತ್ತಾಯಿತು. ಅತ್ತಿಗೆಗೆ ನಿಂತು ಕೆಲಸ ಮಾಡುವವರು ಹಾಕುವ ಮೆತ್ತನೆಯ ಬೂಟು ತಂದ. ನಾಲ್ಕನೇ ಅಧ್ಯಾಯ ಹತ್ತು ದಿನದಲ್ಲಿ ಎದ್ದು ನಿಂತಿತು. ದುಡಿಯುವವಳು ಯಾರಿಗೂ ಲೆಕ್ಕ ಕೊಡದೆ ತನಗಾಗಿ ಉಳಿಸಿಕೊಂಡ ಹೊತ್ತು, ಎಂದು ಆ ಕಾಲಮ್ಮನ್ನು ಅವನು ಹೊಗಳಿ ಬರೆದಿದ್ದ. ನಾಲ್ಕನೇ ನಂಬರಿನವಳಿಗೆ ಅದು ದಿನಕ್ಕೆ ಮೂರು ಗಂಟೆ, ಎಲ್ಲರಿಗಿಂತ ಹೆಚ್ಚು. ವಿಶ್ವವಿದ್ಯಾಲಯದ ಗೈಡ್ ಮೇಡಂ ಓದಿ, "ಇದೇ ನಿಮ್ಮ ಪ್ರಬಂಧದ ಹೃದಯ" ಎಂದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವನು ಗುಂಡಿ, ಖಾಲಿಗಳ ಲೆಕ್ಕವನ್ನು ಎಲ್ಲರಿಗೂ ಹೇಳಿದ.

"ನನ್ನನ್ನೂ ಒಂದು ಗುಂಡಿಗೆ ಹಾಕಿ ನೋಡಪ್ಪ," ಎಂದಳು ಅಮ್ಮ. "ಬೆಳಗ್ಗೆಯಿಂದ ಸಂಜೆ ತನಕ ಖಾಲಿ ಅಂತ ಬರುತ್ತೆ."

ಎಲ್ಲರೂ ನಕ್ಕರು. ಅತ್ತಿಗೆ ನಗುತ್ತಾ ಎದ್ದು ತಟ್ಟೆ ತೆಗೆದಳು.

ಗಿಳಿ ಮಾತು ನಿಲ್ಲಿಸಿದ್ದನ್ನು ಮೊದಲು ಕಂಡವಳು ಅಮ್ಮ. ಊಟಕ್ಕೆ ಕೂತರೆ ತಲೆ ತಗ್ಗಿಸಿ ತಿಂದು ಏಳುತ್ತಿದ್ದಳು.

"ಏನಾಯ್ತೇ ನಿನಗೆ? ಶಾಲೇಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ."

"ಇಲ್ಲ ಅಂತ ಒಂದೇ ಸಲ ಹೇಳ್ತಿದ್ದಾಳೆ ನೋಡು! ಇವಳು ಇಲ್ಲ ಅಂದ್ರೆ ಕಾಲು ಗಂಟೆ ಹಿಡೀತಿತ್ತು."

ಇನ್ನೊಂದು ದಿನ ಅಮ್ಮ ಅತ್ತಿಗೆಯ ಕೈಯಿಂದ ಲೋಟ ತೆಗೆದುಕೊಳ್ಳುತ್ತಾ ಮೂಗರಳಿಸಿದಳು. "ನಿನ್ನ ಕೈಯಿಂದ ಬ್ಲೀಚಿನ ವಾಸನೆ ಬರ್ತಿತ್ತಲ್ಲ. ಇದೇನು, ಪಾತ್ರೆ ಸೋಪಿನ ವಾಸನೆ?"

"ಸೋಪು ಬದಲಾಯಿಸಿದ್ದಾರೆ ಅತ್ತೆ," ಎಂದಳು ಅತ್ತಿಗೆ. ಅವತ್ತು ಲಾಂಡ್ರಿಯ ಕಥೆ ಹೇಳಲಿಲ್ಲ. ತಲೆನೋವು ಎಂದಳು.

ಗುರುವಾರ ಪಂಡಿತ ಐದನೇ ಅಧ್ಯಾಯಕ್ಕೆಂದು ಲಾಂಡ್ರಿಯ ಲೆಕ್ಕ ತೆಗೆದ. ಹನ್ನೆರಡು ದಿನದಿಂದ ನಾಲ್ಕನೇ ನಂಬರು ಮಧ್ಯಾಹ್ನ ಹನ್ನೆರಡೂವರೆಗೆ ನಿಂತುಹೋಗುತ್ತಿತ್ತು. ಆಮೇಲೆ ಸಂಜೆಯವರೆಗೂ ಏನೂ ಇಲ್ಲ. ಮಡಿಸುವ ಮೇಜಿನ ಫೋನು ಕೆಟ್ಟಿರಬೇಕು, ಬ್ಯಾಟರಿ ಹೋಗಿರಬೇಕು ಎಂದುಕೊಂಡ. ಅತ್ತಿಗೆಯನ್ನು ಕೇಳಬಹುದಿತ್ತು, ಅವಳು ಅವತ್ತೂ ಆರು ಗಂಟೆಗೆ ಮನೆಗೆ ಬಂದು ಸೊಪ್ಪು ಬಿಡಿಸುತ್ತಿದ್ದಳು. ಆದರೆ ಕೆಟ್ಟ ಫೋನು ಸೋಮವಾರದ ಕೆಲಸ. ಇನ್ನೊಂದು ಚೀಟಿ ಬರೆದು ಅಂಟಿಸಿದ.

ಸೋಮವಾರ ಹೊಸ ಬ್ಯಾಟರಿ ಜೇಬಿನಲ್ಲಿ ಹಾಕಿಕೊಂಡು ಲಾಂಡ್ರಿಗೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಮಡಿಸುವ ಮೇಜಿನ ಹತ್ತಿರ ಅತ್ತಿಗೆ ಇರಲಿಲ್ಲ. ಹೊಸಬಳು ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಕರವಸ್ತ್ರ ಮಡಿಸುತ್ತಿದ್ದಳು. ಬಲಗೈಗೆ ಮಣಿಕಟ್ಟಿನವರೆಗೂ ಬ್ಯಾಂಡೇಜು.

"ನಾಲ್ಕನೇ ನಂಬರಿಗೆ ಏನಾಗಿದೆ?" ಎಂದು ಕೇಳಿದ.

"ನಂಬರಿಗೇನಾಗುತ್ತೆ," ಎಂದಳು ಒಗೆಯುವ ಡ್ರಮ್ಮಿನವಳು. "ಆಗಿದ್ದು ನಿನ್ನ ಅತ್ತಿಗೆಗೆ. ಹದಿನೈದು ದಿನ ಆಯ್ತು ಅರ್ಧ ದಿನಕ್ಕೆ ಇಳಿಸಿ. ಮನೇಲಿದ್ದೂ ಗೊತ್ತಿಲ್ವಾ?"

ಪಂಡಿತ ಹೊಸಬಳ ಕಡೆ ತಿರುಗಿದ. "ಈ ಕೈ?"

"ಶುಕ್ರವಾರ," ಎಂದಳು ಹೊಸಬಳು. ನಾಚಿಕೊಂಡವಳ ಹಾಗೆ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಎರಡು ಬೆರಳು. ನಂದೇ ತಪ್ಪು. ಬೆಳಗ್ಗೆ ಅಕ್ಕ ಇರೋವಾಗ ಸರಿಯಾಗೇ ಮಾಡ್ತಿದ್ದೆ. ಮಧ್ಯಾಹ್ನದ ಮೇಲೆ ಅವರ ದನಿ ಕೇಳ್ದೆ, ಕೈ ಮರೆತುಬಿಡ್ತು."

ಶುಕ್ರವಾರ. ಗುರುವಾರ ಅವನು ಎದ್ದು ಬಂದಿದ್ದರೆ ಇಪ್ಪತ್ತು ನಿಮಿಷದ ದಾರಿ.

ಯಜಮಾನಿ ಗಾಜಿನ ಕೋಣೆಯಲ್ಲಿ ಬ್ರೆಡ್ಡು ತಿನ್ನುತ್ತಿದ್ದಳು. ಕೆಟ್ಟ ಹೆಂಗಸಲ್ಲ. ಅವಳೂ ಇದೇ ಮೇಜಿನಲ್ಲಿ ಮಡಿಸಿ ಮೇಲೆ ಬಂದವಳು.

"ಅತ್ತಿಗೆಯನ್ನ ಯಾಕೆ ಅರ್ಧ ದಿನಕ್ಕೆ ಹಾಕಿದ್ರಿ?"

"ನೀನು ಕಳಿಸಿದ ಹಾಳೆ ನೋಡಿ." ಅವಳು ಡ್ರಾಯರ್ ಎಳೆದು ಮಡಿಸಿಟ್ಟ ಕಾಗದ ತೆಗೆದಳು. "ನಾಲ್ಕನೇ ನಂಬರು, ದಿನಕ್ಕೆ ಮೂರು ಗಂಟೆ ಖಾಲಿ. ಮಿಕ್ಕವರಿಗೆಲ್ಲ ಅರ್ಧ ಗಂಟೆ, ಮುಕ್ಕಾಲು ಗಂಟೆ. ಹೋಟೆಲಿನವರು ರೇಟು ಇಳಿಸ್ತಿದ್ದಾರೆ, ಎಲ್ಲಿಂದಾದ್ರೂ ನಾನೂ ಇಳಿಸಬೇಕಲ್ಲ? ಹನ್ನೊಂದು ವರ್ಷ ಅವಳ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಟ್ಟಿದ್ದೆ."

"ಆ ಕಾಲಂ ತಪ್ಪು."

"ಏನು ತಪ್ಪು? ಮಿಷನ್ನು ಸುಳ್ಳು ಹೇಳುತ್ತಾ?"

"ಅವರು ಹೊಸಬರಿಗೆ ಹೇಳಿಕೊಡ್ತಿದ್ರು. ಸೂಜಿ ಹುಡುಕ್ತಿದ್ರು. ಬಾಯ್ಲರ್ ನೋಡ್ತಿದ್ರು. ಅದಕ್ಕೆ ಗುಂಡಿ ಇರಲಿಲ್ಲ, ಅಷ್ಟೇ."

"ನಿನಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು. ಮೂರು ದಿನ ಕೂತು ನೋಡಿದೀನಿ."

"ಗೊತ್ತಿದ್ದೂ ಖಾಲಿ ಅಂತ ಬರೆದ್ಯಾ?" ಯಜಮಾನಿ ಬ್ರೆಡ್ಡನ್ನು ಕೆಳಗಿಟ್ಟಳು. "ನಾನು ಈ ಲೆಕ್ಕ ಕೇಳೇ ಇರಲಿಲ್ಲಪ್ಪ. ಗಂಟು ಎಲ್ಲಿದೆ ಅಂತ ಕೇಳಿದ್ದೆ. ನೀನಾಗಿ ತೋರಿಸಿದೆ. ಕಂಡ ಮೇಲೆ ಕಾಣದವಳ ಹಾಗೆ ಹೇಗಿರಲಿ?"

"ಪೂರ್ತಿ ದಿನಕ್ಕೆ ತಗೊಳ್ಳಿ ಅವರನ್ನ. ಆ ಲೆಕ್ಕವನ್ನ ಬುಡಸಮೇತ ಅಳಿಸ್ತೀನಿ."

"ಅಳಿಸು. ಕೈ ಸುಟ್ಟ ಮೇಲೆ ನಾನೂ ಅದನ್ನೇ ಯೋಚಿಸ್ತಿದ್ದೆ, ನಾಳೆಯಿಂದ ಪೂರ್ತಿ ದಿನ ಬರಲಿ. ಆದ್ರೆ ಒಂದು ಮಾತು. ಹಾಳೇಲಿ ಇರೋದನ್ನ ಅಳಿಸಬಹುದು. ನಾನು ನೋಡಿಬಿಟ್ಟಿದ್ದನ್ನ ಹೇಗೆ ಅಳಿಸ್ತೀಯ?"

ಮನೆಗೆ ಬಂದಾಗ ಗಿಳಿ ಹಾಲಿನ ಮಂಚದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು.

"ಗಿಳಿ, ನಿಮ್ಮಮ್ಮ ಮಧ್ಯಾಹ್ನ ಎಲ್ಲಿಗೆ ಹೋಗ್ತಾಳೆ?"

ಹುಡುಗಿಯ ಕಣ್ಣು ತುಂಬಿತು. "ಹೇಳಲ್ಲ ಅಂತ ಆಣೆ ಹಾಕಿಸಿಕೊಂಡಿದ್ದಾಳೆ."

"ಲಾಂಡ್ರಿಗೆ ಹೋಗಿ ಬಂದೆ. ಅರ್ಧ ಗೊತ್ತಾಗಿದೆ."

"ನಮ್ಮ ಶಾಲೆ ಹಿಂದೆ ಕ್ಯಾಂಟೀನ್ ಇದೆಯಲ್ಲ, ಅಲ್ಲಿ ತಟ್ಟೆ ತೊಳೀತಾಳೆ. ನಾನು ಫ್ರೆಂಡ್ಸ್ ಜೊತೆ ಹೋಗಿದ್ದೆ. ಅಮ್ಮ ನನ್ನ ನೋಡಿದ್ಲು. ನಾನು..." ಗಿಳಿ ಮೂಗೊರೆಸಿಕೊಂಡಳು. "ನಾನು ಅವಳು ಯಾರೋ ಅನ್ನೋ ಹಾಗೆ ಬಂದುಬಿಟ್ಟೆ ಚಿಕ್ಕಪ್ಪ. ಮನೆಗೆ ಬಂದ ಮೇಲೆ ಅಮ್ಮನೇ, ಒಳ್ಳೇದು ಮಾಡ್ದೆ, ಯಾರಿಗೂ ಹೇಳ್ಬೇಡ, ಚಿಕ್ಕಪ್ಪನ ಓದು ಮುಗೀಲಿ ಅಂದ್ಲು."

ರಾತ್ರಿ ಊಟಕ್ಕೆ ಬೇಳೆ ಇತ್ತು, ಬದನೆಕಾಯಿ ಇತ್ತು. ಅಷ್ಟು ಹೊತ್ತಿಗೆ ಸುದ್ದಿ ಅಣ್ಣನಿಗೂ ಮುಟ್ಟಿತ್ತು. ಬಾಯ್ಲರಿನವನು ಬಸ್ಸಿನಲ್ಲಿ ಸಿಕ್ಕಿ ಹೇಳಿದ್ದ. ಅಣ್ಣ ತಟ್ಟೆಗೆ ಕೈ ಹಾಕಲಿಲ್ಲ.

"ಹದಿನೈದು ದಿನ! ಹೆಂಡ್ತಿ ಎಲ್ಲಿ ದುಡೀತಾಳೆ ಅಂತ ಬಸ್ಸಲ್ಲಿ ಕೇಳಿ ತಿಳ್ಕೋಬೇಕಾ ನಾನು?"

"ಹೇಳಿದ್ರೆ ನೀವು ಹೀಗೇ ಕೂಗಾಡ್ತಿದ್ರಿ," ಎಂದಳು ಅತ್ತಿಗೆ. "ಊಟ ಮಾಡಿ."

"ನಾಳೆ ಬೆಳಗ್ಗೆ ಹೋಗ್ತೀನಿ ಆ ಯಜಮಾನಿ ಹತ್ರ. ಹನ್ನೊಂದು ವರ್ಷ ಜೀವ ತೇದವಳಿಗೆ ಗಡಿಯಾರ ಹಿಡಿದು ಲೆಕ್ಕ ಹಾಕ್ತಾಳಾ? ಯಾವ ಜನ್ಮದಲ್ಲಿ ಹೊಳೀತು ಅವಳಿಗೆ ಈ ಖಾಲಿ ಗೀಲಿ?"

"ಹೋಗ್ಬೇಡಿ, ಬಿಡಿ."

"ಯಾಕೆ ಹೋಗ್ಬಾರ್ದು? ಯಾರಪ್ಪನ ಭಯ?"

ಅತ್ತಿಗೆ ಪಂಡಿತನ ಕಡೆ ನೋಡಲಿಲ್ಲ. ಬಡಿಸುವ ಸೌಟನ್ನೇ ನೋಡುತ್ತಿದ್ದಳು. ಅವಳು ಹಾಗೆ ನೋಡದೇ ಇದ್ದದ್ದರಿಂದಲೇ ಅವನಿಗೆ ಗೊತ್ತಾಯಿತು, ಇವಳಿಗೆ ಎಲ್ಲ ಗೊತ್ತು, ಬಾಯಿಗೆ ಬೀಗ ಹಾಕಿಕೊಂಡು ತನ್ನನ್ನು ಕಾಯುತ್ತಿದ್ದಾಳೆ. ಸುಮ್ಮನಿದ್ದರೆ ಅಣ್ಣ ನಾಳೆ ಯಜಮಾನಿಯ ಮೇಲೆ ಹಾರಾಡಿ ಬರುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಪಂಡಿತ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ.

"ಅಣ್ಣ, ಆ ಕಾಲಂ ಯಜಮಾನಿ ಕೇಳಿದ್ದಲ್ಲ. ನಾನು ಹಾಕಿದ್ದು."

"ಏನು?"

"ನನ್ನ ಅಧ್ಯಾಯಕ್ಕೆ ಬೇಕಾಗಿತ್ತು. ಖಾಲಿ ಅನ್ನೋ ಹೆಸರೂ ನಂದೇ. ಅವಳಿಗೆ ಕಾಣದ ಹಾಗೆ ಮಾಡ್ಬೇಕು ಅಂತ ಬುಧವಾರ ಗೊತ್ತಾಯ್ತು. ಗುರುವಾರ ಆಗಿಬಿಡ್ತು ಅಂತ ಬಿಟ್ಟೆ."

"ಗುರುವಾರ ಆಗಿಬಿಡ್ತು," ಅಣ್ಣ ನಿಧಾನವಾಗಿ ಹೇಳಿದ. "ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡಾಗ ನಾನು ಇವತ್ತು ಯಾವ ವಾರ ಅಂತ ನೋಡ್ತೀನೇನೋ?"

"ನೋಡಲ್ಲ."

"ಹೊಸಬಳ ಬೆರಳು ಸುಟ್ಟಿದ್ದು ಯಾವತ್ತು ಗೊತ್ತಾ?"

"ಶುಕ್ರವಾರ. ಗುರುವಾರ ನನಗೆ ನಾಲ್ಕನೇ ನಂಬರು ನಿಂತಿರೋದು ಕಂಡಿತ್ತು. ಸೋಮವಾರ ನೋಡೋಣ ಅಂದ್ಕೊಂಡೆ."

ಅಣ್ಣ ತಟ್ಟೆ ತಳ್ಳಿ ಎದ್ದು ಹೋಗಿ ಕೈ ತೊಳೆದ, ತಿಂದಿರದ ಕೈಯನ್ನು. ಪಂಡಿತ ಎಂದು ಕರೆಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅತ್ತಿಗೆ, ನಿಮಗೆ ಮೊದಲೇ ಗೊತ್ತಿತ್ತಾ?"

"ಯಜಮಾನಿ ಹಾಳೆ ತೋರಿಸಿದ್ಲು. ನೋಡಿದ ತಕ್ಷಣ ಗೊತ್ತಾಯ್ತು, ಅವಳಿಗೆ ಅಂಥ ಲೆಕ್ಕ ಬರಲ್ಲ." ಅತ್ತಿಗೆ ಅಣ್ಣನ ತಟ್ಟೆಯ ಬದನೆಕಾಯಿಯನ್ನು ಮತ್ತೆ ಪಾತ್ರೆಗೆ ಸುರಿದಳು. "ನೀನು ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ ಬಿಡು."

"ನೀವು ಮಾಡಿದ್ದೆಲ್ಲ ನಾನು ನೋಡಿದ್ದೆ. ಪುಸ್ತಕದಲ್ಲಿ ಬರೆದಿಟ್ಟಿದೀನಿ."

"ನೋಡಿದ್ದೂ ಖಾಲಿ ಅಂತ ಬರೆದೆಯಲ್ಲ, ಅದಕ್ಕೇ ತಾನೇ ನನಗೂ," ಎಂದಳು. ಅಷ್ಟಕ್ಕೆ ನಿಲ್ಲಿಸಿದಳು. ಸೌಟು ಎತ್ತಿ, "ಇನ್ನು ಸ್ವಲ್ಪ ಬೇಳೆ ಹಾಕ್ಲಾ?" ಎಂದು ಕೇಳಿದಳು.

ಅಮ್ಮ ಅವತ್ತು ಒಂದೂ ಕುಹಕ ಆಡಲಿಲ್ಲ. ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ತೊಳೆದಳು. ಪಂಡಿತ ಎದ್ದು ಹೋಗಿ ಉಳಿದದ್ದನ್ನು ತೊಳೆದ. ಅಮ್ಮ ಅವನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು, "ತಳ ಉಜ್ಜು," ಎಂದಳು, ಅಷ್ಟೇ.

ಮರುದಿನ ಮಂಗಳವಾರ. ಪಂಡಿತ ಪ್ರೋಗ್ರಾಂ ಬಿಟ್ಟು ವಿಶ್ವವಿದ್ಯಾಲಯಕ್ಕೆ ಹೋದ, ಎರಡು ವರ್ಷದಲ್ಲಿ ಮೊದಲ ಸಲ ವಾರ ತಪ್ಪಿಸಿ. ನಾಲ್ಕನೇ ಅಧ್ಯಾಯ ವಾಪಸ್ ಬೇಕು ಎಂದ.

"ಒಂದು ಅಡಿಟಿಪ್ಪಣಿ ಹಾಕಿ ಸರಿಮಾಡಬಹುದಲ್ಲ," ಎಂದರು ಗೈಡ್ ಮೇಡಂ.

"ಆಗಲ್ಲ ಮೇಡಂ. ಅಡಿಯಲ್ಲಿ ಹಾಕೋ ವಿಷಯ ಅಲ್ಲ ಅದು. ಮೇಲಿರೋದೇ ಸುಳ್ಳು."

"ಈ ವರ್ಷ ಸಲ್ಲಿಸೋಕಾಗಲ್ಲ ನೋಡಿ."

"ಗೊತ್ತು."

ಅಲ್ಲಿಂದ ಹೊಸಬಳ ಮನೆಗೆ ಹೋದ. ಮೂರನೇ ಮಹಡಿ, ಒಂದೇ ಕೋಣೆ. ಅವಳು ಕೈ ವಾಸಿಯಾಗುವ ತನಕ ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಬೇಕಿತ್ತು, ಜೊತೆಗೆ ಯಾರೂ ಇರಲಿಲ್ಲ. ಆಮೇಲಿನ ಆರು ವಾರ ಪಂಡಿತ ಕರೆದುಕೊಂಡು ಹೋದ, ವಾರ ಯಾವುದೆಂದು ನೋಡದೆ. ಸರದಿಯಲ್ಲಿ ಕೂತಾಗ ಅವಳು ಅವನನ್ನು ಸಮಾಧಾನ ಮಾಡುತ್ತಿದ್ದಳು. ಅದನ್ನು ಸಹಿಸುವುದೇ ಅವನಿಗೆ ಕಷ್ಟವಾಗುತ್ತಿತ್ತು.

ಗಿಳಿಯ ಮಂಚವನ್ನು ಅಣ್ಣ ತಮ್ಮ ಇಬ್ಬರೂ ಹಿಡಿದು ಕಿಟಕಿಯ ಕೋಣೆಗೆ ಸಾಗಿಸಿದರು.

"ನಿನ್ನ ಕಡೆ ಎತ್ತು," ಎಂದ ಅಣ್ಣ. ಹದಿಮೂರು ದಿನದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಪಂಡಿತ ಈಗ ಊಟದ ಮೇಜಿನ ಮೇಲೆ ಎರಡೂ ಕೆಲಸ ಮಾಡುತ್ತಾನೆ. ಗಿರಾಕಿ ಕರೆದರೆ ಗುರುವಾರವೂ ಎದ್ದು ಹೋಗುತ್ತಾನೆ. ಅಧ್ಯಾಯವನ್ನು ಮೊದಲಿಂದ ಬರೆಯಲು ಹಳೆಯ ಪುಸ್ತಕ ತೆಗೆದ. ಲಾಂಡ್ರಿಯಲ್ಲಿ ಕೂತು ನೋಡಿದ ಮೂರು ದಿನದ್ದು ಇತ್ತು. ಮುಂದಿನದು ಬೇಕಾಗಿತ್ತು.

"ಅತ್ತಿಗೆ, ಇವತ್ತು ಲಾಂಡ್ರಿಯಲ್ಲಿ ಏನಾಯ್ತು?" ಎಂದು ಒಂದು ರಾತ್ರಿ ಕೇಳಿದ. ಪುಸ್ತಕ ತೆಗೆದಿರಲಿಲ್ಲ, ಎರಡೂ ಕೈ ಮೇಜಿನ ಮೇಲಿದ್ದವು.

"ಏನಿರುತ್ತೆ," ಎಂದಳು ಅತ್ತಿಗೆ, ಅವನ ತಟ್ಟೆಗೆ ಮೊಟ್ಟೆ ಹಾಕುತ್ತಾ. "ಬಟ್ಟೆ ಬಂತು, ಮಡಿಸಿದೆ, ಹೋಯ್ತು."

ಅಮ್ಮ ಕಾದಳು. ಗಿಳಿಯೂ ಕಾದಳು. ಅತ್ತಿಗೆ ಟೊಮೇಟೊ ಬೆಲೆ ಏರಿದ್ದನ್ನು ಹೇಳಿದಳು.

ಅತ್ತಿಗೆಗೆ ಪೂರ್ತಿ ದಿನದ ಕೆಲಸ ವಾಪಸ್ ಬಂತು. ಮಡಿಸುವ ಮೇಜು ಈಗ ಯಜಮಾನಿಯ ಗಾಜಿನ ಕೋಣೆಯಿಂದ ಕಾಣುವ ಕಡೆ ಇದೆ. ಅಮ್ಮನಿಗೆ ಎರಡೂ ಕಣ್ಣು ಬಂತು, ಗಿಳಿಗೆ ಕೋಣೆಯೂ ಮಾತೂ ಬಂತು. ಹೊಸಬಳ ಬೆರಳಿಗೆ ಚರ್ಮ ಬಂತು, ಒಂದರ ಉಗುರು ಬರಲಿಲ್ಲ. ಪಂಡಿತನಿಗೆ ಒಂದು ವರ್ಷ ಹೋಯಿತು. ಲಾಂಡ್ರಿಯ ಕಥೆ ಆ ಮನೆಯ ಊಟಕ್ಕೆ ಮತ್ತೆ ಬರಲಿಲ್ಲ.